ನಲವತ್ತೈದನೆಯ ಸೀಸೆ

ಲ್ಯಾಬಿನಿಂದ ಸುದ್ದಿ ಬಂದಾಗ ಗಂಟೆ ಹತ್ತು, ಮೇಲೆ ಹತ್ತು ನಿಮಿಷ. ಸುದ್ದಿ ಗೇಣುದ್ದ, ಅದರ ಬಾಲ ಮಾರುದ್ದ. ನಿನ್ನೆ ಪೊರೆ ಆಪರೇಷನ್ ಮಾಡಿಸಿಕೊಂಡವರಿಗೆಲ್ಲ ಕೊಟ್ಟು ಕಳಿಸಿದ ಕಣ್ಣಿನ ಹನಿಯಲ್ಲಿ ಬೂಷ್ಟು ಕಂಡಿದೆ. ಹನಿ ತಯಾರಾದದ್ದು ಆಸ್ಪತ್ರೆಯದೇ ಔಷಧಿ ಕೋಣೆಯಲ್ಲಿ. ಒಂದೇ ಪಾತ್ರೆಯಿಂದ ನಲವತ್ತಾರು ಸೀಸೆ ತುಂಬಿದ್ದರು. ಅದರಲ್ಲಿ ಒಂದನ್ನು ಪರೀಕ್ಷೆಗೆಂದು ಲ್ಯಾಬಿನಲ್ಲಿ ಇರಿಸಿಕೊಳ್ಳುವುದು ಮೊದಲಿನಿಂದ ಬಂದ ವಾಡಿಕೆ. ಮೂರು ದಿನ ಅದು ಸ್ಫಟಿಕದ ಹಾಗೆ ತಿಳಿಯಾಗಿತ್ತು. ಆ ಧೈರ್ಯದ ಮೇಲೆ ಉಳಿದ ನಲವತ್ತೈದು ಹೊರಗೆ ಹೋದವು. ಐದನೆಯ ದಿನವಾದ ಇವತ್ತು ಬೆಳಿಗ್ಗೆ ಸೀಸೆಯ ತಳದಲ್ಲಿ ಹತ್ತಿಯ ಎಳೆಯಂಥದ್ದೇನೋ ಕಾಣಿಸಿತು.

ಕೊಯ್ದ ಕಣ್ಣು ಹಸಿಗೂಸಿದ್ದ ಹಾಗೆ. ಅದರ ಮೇಲೆ ಅಂಥ ಹನಿಯೊಂದು ಬಿದ್ದರೆ ಎರಡೇ ದಿನದಲ್ಲಿ ಬೆಳಕು ಆರಿಹೋಗುವುದೂ ಉಂಟು. ಆದರೆ ದೇವರು ಒಂದು ಸಂದು ಬಿಟ್ಟಿದ್ದ. ಆಪರೇಷನ್ ಆದ ಮಾರನೆಯ ಬೆಳಿಗ್ಗೆ ಕಣ್ಣಿನ ಕಟ್ಟು ಬಿಚ್ಚಬೇಕು, ಮಧ್ಯಾಹ್ನ ಹನ್ನೆರಡಕ್ಕೆ ಮೊದಲ ಹನಿ ಹಾಕಬೇಕು ಎಂದು ಎಲ್ಲರ ಚೀಟಿಯಲ್ಲೂ ಬರೆದು ಕೊಟ್ಟಿದ್ದರು. ಹಾಗಾಗಿ ಈ ಹೊತ್ತಿನವರೆಗೆ ಯಾರ ಕಣ್ಣಿಗೂ ಏನೂ ಬಿದ್ದಿಲ್ಲ. ಹನ್ನೆರಡರೊಳಗೆ ನಲವತ್ತೈದು ಜನಕ್ಕೂ ಮಾತು ಮುಟ್ಟಿದರೆ ಎಲ್ಲರೂ ಪಾರು. ಒಬ್ಬರಿಗೆ ತಪ್ಪಿದರೆ ಒಂದು ಕಣ್ಣು.

ಯಾರು ಆ ನಲವತ್ತೈದು ಜನ ಎಂದು ಹೇಳಬೇಕಾದವಳು ಪಟ್ಟಿಯಮ್ಮ.

ದಾಖಲೆ ಕೋಣೆಯಲ್ಲಿ ಕೂರುವ ಅವಳಿಗೆ ಆ ಹೆಸರಿಟ್ಟವರು ಯಾರೋ ಯಾರಿಗೂ ನೆನಪಿಲ್ಲ. ಇಂದು ಯಾರು ಬರಬೇಕು, ಯಾರು ಬರಲಿಲ್ಲ, ಯಾರಿಗೆ ಯಾವ ಔಷಧಿ ಹೋಯಿತು, ಎಲ್ಲ ಪಟ್ಟಿಯೂ ಅವಳಿಂದಲೇ ಹೊರಡುತ್ತಿತ್ತು. ಕಣ್ಣಾಸ್ಪತ್ರೆಯಾದ್ದರಿಂದ ಹೊಸಬರು ಆಕೆ ಕಣ್ಣಿಗೆ ಪಟ್ಟಿ ಕಟ್ಟುವವಳು ಎಂದುಕೊಂಡು ಮುಖವೊಡ್ಡಿ ನಿಂತದ್ದೂ ಉಂಟು. ಅವಳು ನಗದೆ, ಬಯ್ಯದೆ, ಎಡಗಡೆಯ ಮೂರನೆಯ ಬಾಗಿಲು ತೋರಿಸುತ್ತಿದ್ದಳು. ಹತ್ತು ಮಾತಿಗೆ ಒಂದು ಮಾತು ಅವಳದು. ಆ ಒಂದೂ ಮೆಲ್ಲಗೆ.

ಅವಳ ಕೆಲಸವೆಲ್ಲ ಕಂಪ್ಯೂಟರಿನ ಒಂದು ಕಪ್ಪು ಕಿಟಕಿಯಲ್ಲಿ. ಅಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ, ಒತ್ತುವ ಗುಂಡಿಯಿಲ್ಲ. ಮಿಣುಕುವ ಒಂದು ಗೀಟು, ಅದರ ಮುಂದೆ ಟೈಪು ಮಾಡಿದ ಒಂದು ಸಾಲು ಪ್ರಶ್ನೆ, ಅಷ್ಟೇ. ಆಸ್ಪತ್ರೆಗೆ ಮೂರು ಜಾಗ: ಮುಖ್ಯ ಕಟ್ಟಡ, ಸೇತುವೆಯಾಚೆಯ ಶಾಖೆ, ಹಳೆ ಪೇಟೆಯ ಶಾಖೆ. ಮೂರೂ ಬೇರೆ ಬೇರೆ ಕಾಲದಲ್ಲಿ ಹುಟ್ಟಿದವು, ಮೂರಕ್ಕೂ ಬೇರೆ ಬೇರೆ ಕಂಪನಿಯ ಡೇಟಾಬೇಸು. ಒಂದೇ ಮನೆ ಹೊಕ್ಕ ಮೂವರು ಸೊಸೆಯರ ಹಾಗೆ, ಒಬ್ಬಳು ಇಟ್ಟ ಡಬ್ಬಿ ಇನ್ನೊಬ್ಬಳಿಗೆ ಸಿಗದು. ಈ ಕಪ್ಪು ಕಿಟಕಿಯ ಸಲಕರಣೆ ಮಾತ್ರ ಮೂವರ ಮರ್ಜಿಯನ್ನೂ ಬಲ್ಲ ಅತ್ತೆ. 'ಸೇತುವೆ' ಎಂದು ಟೈಪು ಮಾಡಿದರೆ ಸೇತುವೆಯ ಬಾಗಿಲು ತಟ್ಟುತ್ತದೆ, 'ಹಳೆಪೇಟೆ' ಎಂದರೆ ಆ ಬಾಗಿಲು. ಕೇಳುವ ಪ್ರಶ್ನೆ ಒಂದೇ. ಅದನ್ನು ಆಯಾ ಮನೆಯ ಮಾತಿಗೆ ತಿರುಗಿಸಿ ಕೇಳಿ, ಬಂದ ಉತ್ತರವನ್ನು ಒಂದೇ ಸಾಲಿನಲ್ಲಿ ಜೋಡಿಸಿ ಮುಂದಿಡುತ್ತದೆ.

ಬಾಗಿಲು ದೂಡಿಕೊಂಡು ಹನಿ ಮೇಷ್ಟ್ರು ಒಳಗೆ ಬಂದರು. ಔಷಧಿ ಕೋಣೆಯ ಹಿರಿಯರು ಅವರೇ. ಹನಿ ತಯಾರಿಸುವುದನ್ನು ಇಡೀ ಆಸ್ಪತ್ರೆಗೆ ಕಲಿಸಿದವರಾದ್ದರಿಂದ ಆ ಹೆಸರು. ಇವತ್ತು ಬಿಳಿ ಕೋಟಿನ ಗುಂಡಿ ಮೇಲೆ ಕೆಳಗಾಗಿತ್ತು. ಕಂಕುಳಲ್ಲಿ ತಯಾರಿ ಪುಸ್ತಕ.

"ಕೇಳಿದ್ಯೇನಮ್ಮಾ?"

"ಕೇಳ್ದೆ ಮೇಷ್ಟ್ರೇ. ಬ್ಯಾಚ್ ನಂಬರ್ ಹೇಳಿ."

ಅವರು ಹೇಳಿದರು. ಧ್ವನಿ ಅವರದಲ್ಲವೆನ್ನುವ ಹಾಗಿತ್ತು. "ಮೂವತ್ತೊಂದು ವರ್ಷ ಆಯ್ತು. ಈ ಕೈ ಒಂದು ಸಲಾನೂ..." ಎಂದು ಎರಡು ಕೈಯನ್ನೂ ಮುಂದೆ ಚಾಚಿ, ಅವು ಬೇರೆ ಯಾರದೋ ಎಂಬಂತೆ ನೋಡಿದರು.

"ಕೂತ್ಕೊಳ್ಳಿ."

"ಕೂತ್ರೆ ಏಳಕ್ಕಾಗಲ್ಲ. ನೀನು ಕೇಳು, ನಾನು ನಿಂತಿರ್ತೀನಿ."

ವಾರ್ಡುಗಳಲ್ಲಿ ಇನ್ನೂ ಮಲಗಿದ್ದವರ ಕೈಯಿಂದ ನರ್ಸುಗಳು ಆಗಲೇ ಸೀಸೆ ಕಿತ್ತುಕೊಳ್ಳುತ್ತಿದ್ದರು. ಹಾಗೆ ಬಂದ ಪ್ರತಿ ಸೀಸೆಯ ಮುಂದೆಯೂ 'ಕೊಟ್ಟಿದೆ' ಎಂಬುದನ್ನು ಅಳಿಸಿ 'ವಾಪಸ್' ಎಂದು ಬರೆಯಿರಿ ಎಂದು ಮೂರೂ ಕಡೆಯ ಕೌಂಟರಿಗೆ ಹೇಳಿಯಾಗಿತ್ತು. ಹಾಗಾದರೆ ಪಟ್ಟಿಯಮ್ಮ ಕೇಳಬೇಕಾದ ಪ್ರಶ್ನೆ ನೇರವಾದದ್ದು: ಈ ಬ್ಯಾಚಿನ ಸೀಸೆ ಪಡೆದವರಲ್ಲಿ, ಸೀಸೆಯ ಸ್ಥಿತಿ 'ವಾಪಸ್' ಅಲ್ಲದವರ ಹೆಸರು, ಮನೆ, ಫೋನು ಕೊಡು. ಅವರಿಗಷ್ಟೇ ಫೋನು ಮಾಡಿದರೆ ಸಾಕು.

ಅವಳು ಒಂದು ಕ್ಷಣ ಕಣ್ಣು ಮುಚ್ಚಿದಳು. ತುಟಿ ಅಲುಗಿತು. ಆಮೇಲೆ ಬೆರಳು ಓಡಿತು.

ಮುಖ್ಯ ಕಟ್ಟಡ ಉಸಿರೆಳೆಯುವಷ್ಟರಲ್ಲಿ ಉತ್ತರ ಕೊಟ್ಟಿತು. ಹದಿಮೂರು ಹೆಸರು. ಸೇತುವೆಯದ್ದು ಬಾಗಿಲೇ ತೆರೆಯಲಿಲ್ಲ. ಗೀಟು ಮಿಣುಕಿತು, ಮಿಣುಕಿತು, 'ಸಂಪರ್ಕ ಸಿಗಲಿಲ್ಲ' ಎಂದಿತು. ಮತ್ತೆ ತಟ್ಟಿದಳು. ಮತ್ತೆ ಅದೇ. ಮೇಷ್ಟ್ರ ಉಸಿರು ಅವಳ ಕಿವಿಯ ಹಿಂದೆಯೇ ಏರಿಳಿಯುತ್ತಿತ್ತು.

"ಅಲ್ಲಿ ಲೈನ್ ಬಿದ್ದಿದ್ರೆ?"

"ಎದ್ದೇಳತ್ತೆ ಮೇಷ್ಟ್ರೇ."

ಐದನೆಯ ಸಲಕ್ಕೆ ಎದ್ದಿತು. ಒಂಬತ್ತು ಹೆಸರು. ಹಳೆ ಪೇಟೆಯದು ಮುದಿ ಡೇಟಾಬೇಸು. ಕೇಳಿದ್ದನ್ನು ಅರಗಿಸಿಕೊಂಡು ಉತ್ತರ ಕೊಡುವಷ್ಟರಲ್ಲಿ ಎರಡು ನಿಮಿಷ. ಎಂಟು ಹೆಸರು. ಒಟ್ಟು ಮೂವತ್ತು. ವಾಪಸಾದವೆಷ್ಟು ಎಂದು ಮೂವರನ್ನೂ ಬೇರೆಯಾಗಿ ಕೇಳಿದಳು: ಆರು, ಐದು, ಮೂರು. ಹದಿನಾಲ್ಕು.

ಕೂಡಿಸುವ ಕೆಲಸ ಆಮೇಲೆ ಇರಲಿ ಎಂದು ಪಟ್ಟಿಯನ್ನು ಮುದ್ರಿಸಿ ಹೊರಗೆ ಕೊಟ್ಟಳು. ಅವಳ ಮನಸ್ಸೆಲ್ಲ ಆ ಮೂವತ್ತರ ಮೇಲಿತ್ತು.

ಹೊರಗೆ ಸ್ವಾಗತದ ಮೇಜಿನಲ್ಲಿ ಗಿಳಿ. ಎರಡು ಮಕ್ಕಳ ತಾಯಿ, ಬಾಯಿಗೆ ಬಿಡುವಿಲ್ಲದವಳು, ಆದ್ದರಿಂದ ಗಿಳಿ. ಬೇರೆ ದಿನ ಬಯ್ಯಿಸಿಕೊಳ್ಳುತ್ತಿದ್ದ ಆ ಬಾಯಿಯೇ ಇವತ್ತು ಆಸ್ಪತ್ರೆಯ ಮಾನ ಉಳಿಸಬೇಕಾಗಿತ್ತು. ಎರಡು ಫೋನು ಎರಡು ಕಿವಿಗೆ ಹಿಡಿದು ಶುರು ಮಾಡಿಯೇಬಿಟ್ಟಳು.

"ಅಜ್ಜೀ, ನಿನ್ನೆ ಕೊಟ್ಟ ಹನಿ ಹಾಕ್ಬೇಡಿ. ಹಾಕ್ಬೇಡಿ ಅಂದೆ! ಕಿವಿಗೆ ಅಲ್ಲಜ್ಜೀ, ಕಣ್ಣಿಗೆ. ಕಿವಿಗೂ ಬೇಡ!"

"ಹೌದಣ್ಣ, ಅದೇ ಸೀಸೆ. ಮುಚ್ಚಳ ತೆಗೀಬೇಡಿ. ಹೊಸಾದು ನಾವೇ ತಂದ್ಕೊಡ್ತೀವಿ."

"ಏನ್ರೀ ನಿಮ್ಮ ಆಸ್ಪತ್ರೆ," ಎಂದು ಆ ಕಡೆಯಿಂದ ಒಬ್ಬ ಹೆಂಗಸಿನ ಧ್ವನಿ ದಾಖಲೆ ಕೋಣೆಯವರೆಗೂ ಕೇಳಿಸಿತು. "ನಿನ್ನೆ ಹಾಕಿ ಅಂದ್ರಿ, ಇವತ್ತು ಬೇಡ ಅಂತೀರಿ. ನಾಳೆ ಬಂದು ಕಣ್ಣೂ ವಾಪಸ್ ಕೊಡಿ ಅಂತೀರೇನೋ!"

"ಕಣ್ಣು ನಿಮ್ದೇ ತಾಯಿ, ಸೀಸೆ ಮಾತ್ರ ನಮ್ದು," ಎಂದ ಗಿಳಿ ಆ ಹೆಸರಿನ ಮುಂದೆ ಗುರುತು ಹಾಕಿ ಮುಂದಿನದಕ್ಕೆ ಹಾರಿದಳು.

ಹನ್ನೊಂದೂ ಇಪ್ಪತ್ತಕ್ಕೆ ಮೂವತ್ತು ಹೆಸರಿನ ಮುಂದೆಯೂ ಗುರುತು ಬಿತ್ತು. ಗಿಳಿ ಕುರ್ಚಿಗೊರಗಿ ನೀರು ಕುಡಿದಳು. ಮ್ಯಾನೇಜರು ಕೋಣೆಯಿಂದ ಹೊರಬಂದು ಟೈ ಸಡಿಲಿಸಿದರು. ಎಲ್ಲರೂ ಉಸಿರು ಬಿಟ್ಟ ಹೊತ್ತಿನಲ್ಲಿ ಹನಿ ಮೇಷ್ಟ್ರು ಬೆರಳು ಮಡಚಿ ಎಣಿಸುತ್ತಿದ್ದರು.

"ಮೂವತ್ತು, ಹದಿನಾಲ್ಕು. ನಲವತ್ನಾಲ್ಕು."

"ಹೂಂ, ನಲವತ್ನಾಲ್ಕು," ಎಂದರು ಮ್ಯಾನೇಜರು. "ಆಯ್ತಲ್ಲ."

"ನಾನು ಕಳಿಸಿದ್ದು ನಲವತ್ತೈದು."

ಗಿಳಿ ನೀರಿನ ಲೋಟ ಕೆಳಗಿಟ್ಟಳು.

ಮ್ಯಾನೇಜರು ಪುಸ್ತಕ ತೆರೆಸಿ ನೋಡಿದರು. ಮೇಷ್ಟ್ರ ದುಂಡಗಿನ ಅಕ್ಷರದಲ್ಲಿ 'ತುಂಬಿದ್ದು 46, ಲ್ಯಾಬಿಗೆ 1, ಹೊರಗೆ 45' ಎಂದಿತ್ತು. "ನೋಡಿ ಮೇಷ್ಟ್ರೇ," ಎಂದರು ಮೆತ್ತಗೆ. ಬೈದಿದ್ದರೆ ವಾಸಿಯಿತ್ತು. "ಮೂರು ಕಂಪ್ಯೂಟರೂ ಒಂದೇ ಮಾತು ಹೇಳ್ತಿವೆ. ನಿಮ್ಮ ಎಣಿಕೇನೇ ತಪ್ಪಿರಬಾರ್ದೇಕೆ? ಒಂದು ಸೀಸೆ ಒಡೆದು ಹೋಗಿರ್ಬೋದು. ಬೂಷ್ಟು ಹೊಕ್ಕಿದ್ದೇ ಗೊತ್ತಾಗ್ಲಿಲ್ಲ, ಸೀಸೆ ಒಡೆದಿದ್ದು ಗೊತ್ತಾಗತ್ತಾ?"

ಆ ಮಾತು ಚುಚ್ಚಬೇಕಾದ ಕಡೆ ಚುಚ್ಚಿತು. ಮೂವತ್ತೊಂದು ವರ್ಷ ತನ್ನ ಕೈಯನ್ನು ನಂಬಿ ಬಾಳಿದ ಮನುಷ್ಯ ತನ್ನ ಕೈಯನ್ನೇ ಅನುಮಾನದಿಂದ ನೋಡಿದರು. "ಇರ್ಬೋದು," ಎಂದರು. "ಇರ್ಬೋದೇನೋ ಸಾರ್. ಆವತ್ತು ಮೊಮ್ಮಗಳಿಗೆ ಹುಷಾರಿರ್ಲಿಲ್ಲ. ಮನಸ್ಸು ಅಲ್ಲಿತ್ತು."

"ಹಾಗೆ ಬರ್ಕೊಡಿ. ಒಂದು ಸೀಸೆ ಒಡೆದಿದೆ ಅಂತ. ಇಲ್ಲಿಗೆ ಮುಗಿಸೋಣ."

ಮೇಷ್ಟ್ರು ಜೇಬಿನ ಪೆನ್ನಿಗೆ ಕೈ ಹಾಕಿದರು. ಪಟ್ಟಿಯಮ್ಮ ಬಾಗಿಲ ಬಳಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಅವಳಿಗೆ ಮಾತಿಗಿಂತ ಮಾತಿನ ತೂಕ ಮೊದಲು ತಿಳಿಯುತ್ತಿತ್ತು. 'ಇರ್ಬೋದು' ಎಂದ ಆ ಧ್ವನಿಯಲ್ಲಿ ನೆನಪಿರಲಿಲ್ಲ, ಬರೀ ನಾಚಿಕೆ. ಒಡೆದ ಸೀಸೆಯನ್ನು ಕಂಡವನು ಗಾಜಿನ ಚೂರಿನ ಮಾತಾಡುತ್ತಾನೆ, ಮೊಮ್ಮಗಳ ಮಾತಾಡುವುದಿಲ್ಲ.

"ಮೇಷ್ಟ್ರೇ, ಬರೀಬೇಡಿ," ಎಂದಳು. "ಹತ್ತು ನಿಮಿಷ."

"ಏನಮ್ಮಾ ಹತ್ತು ನಿಮಿಷ?" ಎಂದರು ಮ್ಯಾನೇಜರು. "ನಿಮ್ಮ ಕಂಪ್ಯೂಟರಿಗೆ ನಿಮಗೇ ನಂಬಿಕೆ ಇಲ್ವಾ?"

"ಕಂಪ್ಯೂಟರಿಗೆ ಇದೆ ಸಾರ್. ನಾನು ಕೇಳಿದ್ದರ ಮೇಲೆ ಅಷ್ಟಿಲ್ಲ."

ಹೊರಳಿ ಒಳಗೆ ಹೋಗಿ ಕೂತಳು. ಹನ್ನೊಂದೂ ಇಪ್ಪತ್ತೇಳು. ಎಲ್ಲಿ ತಪ್ಪಿರಬಹುದು? ತಪ್ಪು ಬಾಗಿಲು ತಟ್ಟಿದೆನೇ ಎಂದು ಮೇಲೆ ಸರಿಸಿ ನೋಡಿದಳು. ಪ್ರತಿ ಸಾಲಿನ ಮುಂದೂ ಆಯಾ ಮನೆಯ ಹೆಸರು ಸರಿಯಾಗಿಯೇ ಇತ್ತು. ಡೇಟಾಬೇಸಿನ ಮೊನ್ನೆಯ ನಕಲನ್ನು ಕೇಳಿ ಇವತ್ತಿನದೆಂದು ನಂಬಿದೆನೇ? ಇಲ್ಲ. ನಿನ್ನೆಯ ತಾರೀಖು ಹಾಕುವ ಬದಲು ಬೇರೆ ಹಾಕಿದೆನೇ? ತಾರೀಖನ್ನು ಕೇಳಿಯೇ ಇರಲಿಲ್ಲ. ಹೊರಗೆ ಮೇಷ್ಟ್ರು ಪೆನ್ನಿನ ಟೋಪಿ ತೆಗೆಯುವುದು, ಹಾಕುವುದು, ತೆಗೆಯುವುದು ಟಿಕ್ ಟಿಕ್ ಎಂದು ಕೇಳುತ್ತಿತ್ತು.

ಕೊನೆಗೆ ಎಲ್ಲ ಷರತ್ತನ್ನೂ ಅಳಿಸಿ ಹಾಕಿದಳು. ವಾಪಸ್ ಆಗಿದೆಯೋ ಇಲ್ಲವೋ ಎಂಬ ಮಾತೇ ಬೇಡ. ಈ ಬ್ಯಾಚಿನ ಸಾಲುಗಳು ನಿನ್ನಲ್ಲಿ ಎಷ್ಟಿವೆ? ಅಷ್ಟು ಹೇಳು ಸಾಕು.

ಮುಖ್ಯ ಎಂದಿತು: ಹತ್ತೊಂಬತ್ತು. ಆರು ವಾಪಸ್, ಹದಿಮೂರು ಅಲ್ಲ. ಸರಿ.

ಸೇತುವೆ ಎಂದಿತು: ಹದಿನಾಲ್ಕು. ಐದು, ಒಂಬತ್ತು. ಸರಿ.

ಹಳೆ ಪೇಟೆ ಎಂದಿನ ಹಾಗೆ ಯೋಚಿಸಿತು. ಗೀಟು ಮಿಣುಕುತ್ತಲೇ ಇತ್ತು. ಹನ್ನೊಂದೂ ಮೂವತ್ತೈದು. ಆಮೇಲೆ ಹನ್ನೆರಡು ಎಂದಿತು.

ಮೂರು ವಾಪಸ್. ಎಂಟು ವಾಪಸ್ ಅಲ್ಲ. ಒಟ್ಟು ಹನ್ನೆರಡು.

ಮೂರೂ ಎಂಟೂ ಹನ್ನೆರಡಾಗುವುದು ಯಾವ ಶಾಲೆಯಲ್ಲಿ?

ಗೊತ್ತಾಗಲು ಅರೆಕ್ಷಣ ಸಾಕಾಯಿತು. ಒಂದು ಸಾಲಿನಲ್ಲಿ ಸ್ಥಿತಿಯ ಜಾಗ ಖಾಲಿಯಿರಬೇಕು. ಯಾರೂ ಏನೂ ಬರೆದಿಲ್ಲದ ಜಾಗ. ಅದು 'ವಾಪಸ್' ಅಲ್ಲ ತಾನೆ ಎಂದು ಮನುಷ್ಯರು ಹೇಳುತ್ತಾರೆ. ಡೇಟಾಬೇಸು ಹಾಗೆ ಹೇಳುವುದಿಲ್ಲ. ಖಾಲಿ ಎಂದರೆ ಅದರ ಲೆಕ್ಕದಲ್ಲಿ ಗೊತ್ತಿಲ್ಲ ಎಂದರ್ಥ. ವಾಪಸ್ ಆದವರು ಬನ್ನಿ ಎಂದರೆ ಅದು ಬರುವುದಿಲ್ಲ, ವಾಪಸ್ ಅಲ್ಲದವರು ಬನ್ನಿ ಎಂದರೂ ಬರುವುದಿಲ್ಲ. ಹೌದೆನ್ನುವವರ ಸಾಲು ಬೇರೆ, ಇಲ್ಲವೆನ್ನುವವರ ಸಾಲು ಬೇರೆ, ಬಾಯಿ ಬಿಡದವರಿಗೆ ಯಾವ ಸಾಲೂ ಇಲ್ಲ. ಹೊಸದಾಗಿ ಸೇರಿದವರಿಗೆಲ್ಲ ಮೊದಲ ದಿನವೇ ಅವಳು ಹೇಳಿಕೊಡುತ್ತಿದ್ದ ಪಾಠ ಇದು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

'ಸ್ಥಿತಿ ಖಾಲಿ ಇರುವವರು' ಎಂದು ಕೇಳಿದಳು. ಒಂದೇ ಒಂದು ಸಾಲು ಬಂತು.

ಗಂಡಸು. ವಯಸ್ಸು ಎಪ್ಪತ್ತೊಂಬತ್ತು. ಎರಕದ ಕಾರ್ಖಾನೆಯಲ್ಲಿ ದುಡಿದು ನಿವೃತ್ತ. ಆಪರೇಷನ್: ಬಲಗಣ್ಣು. ಎಡಗಣ್ಣು: ಕೆಲಸದಲ್ಲಿದ್ದಾಗ ಕಿಡಿ ಬಿದ್ದು ಹೋಗಿದೆ.

ಇದ್ದದ್ದು ಒಂದೇ ಕಣ್ಣು.

ಮನೆಯ ಜಾಗದಲ್ಲಿ ಹಳೆ ಪೇಟೆಯ ಒಂದು ರಸ್ತೆ, 'ಮಹಡಿ ಮೇಲೆ' ಎಂದಷ್ಟೇ. ಫೋನಿನ ಜಾಗವೂ ಖಾಲಿ.

ಅವಳು ಹಳೆ ಪೇಟೆಯ ಕೌಂಟರಿಗೆ ಫೋನು ಹಚ್ಚಿದಳು. ಅಲ್ಲಿ ಕೂರುವವನಿಗೆ ಖಾತ್ರಿಯಪ್ಪ ಎಂದು ಹೆಸರು. ತನ್ನ ಕಣ್ಣಾರೆ ಕಾಣದ್ದನ್ನು ಅವನು ಸೂರ್ಯ ಹುಟ್ಟಿದನೆಂದರೂ ಬರೆಯುವವನಲ್ಲ.

"ಅಕ್ಕಾ, ಹೌದಕ್ಕಾ, ನಾನೇ ಖಾಲಿ ಬಿಟ್ಟಿದ್ದು. ಸೀಸೇನ ತಾತನ ಕೈಗೆ ಕೊಡ್ಲಿಲ್ಲ. ತಾತ ಗಾಡೀಲಿ ಕೂತ್ಬಿಟ್ಟಿದ್ರು, ಕೆಳಗಿನ ಮನೆಯವನು ಬಂದು ಇಸ್ಕೊಂಡು ಹೋದ. ತಾತಂಗೆ ಮುಟ್ಟಿದೆ ಅಂತ ನಂಗೆ ಖಾತ್ರಿ ಆಗೋ ತಂಕ 'ಕೊಟ್ಟಿದೆ' ಅಂತ ಹೆಂಗಕ್ಕಾ ಬರೀಲಿ? ಇವತ್ತು ಸಂಜೆ ವಿಚಾರಿಸ್ಕೊಂಡು ಬರಿಯೋಣ ಅಂತ..."

"ಆ ಕೆಳಗಿನ ಮನೆಯವನ ಫೋನು ಇದ್ಯಾ?"

"ಚೀಟಿ ಹಿಂದೆ ಬರ್ಸಿಟ್ಕೊಂಡಿದೀನಿ. ಕ್ಷೌರದಂಗಡಿ ಅವನದು. ತಗೊಳ್ಳಿ."

ಹನ್ನೊಂದೂ ನಲವತ್ತನಾಲ್ಕು. ಆಸ್ಪತ್ರೆಯ ಗಾಡಿ ಹೊರಟರೆ ಅಲ್ಲಿಗೆ ಅರ್ಧ ಗಂಟೆ. ಖಾತ್ರಿಯಪ್ಪ ಓಡಿದರೆ ಕಾಲು ಗಂಟೆ, "ಓಡ್ತಿದೀನಕ್ಕಾ" ಎನ್ನುತ್ತಲೇ ಅವನು ಓಡಿಯೂ ಆಗಿತ್ತು. ಅವಳು ಮೇಜಿನ ಫೋನನ್ನು ಸ್ಪೀಕರಿಗೆ ಹಾಕಿ ನಂಬರು ಒತ್ತಿದಳು. ಮೇಷ್ಟ್ರು, ಗಿಳಿ, ಮ್ಯಾನೇಜರು ಯಾವಾಗ ಸುತ್ತ ಬಂದು ನಿಂತರೋ ತಿಳಿಯಲಿಲ್ಲ. ಗಂಟೆ ಬಾರಿಸಿತು. ಯಾರೂ ಎತ್ತಲಿಲ್ಲ. ಮತ್ತೆ ಒತ್ತಿದಳು. ಮೂರನೆಯ ಸಲಕ್ಕೆ ಕತ್ತರಿಯ ಕಚಕಚ, ಆಮೇಲೆ ಮನುಷ್ಯನ ಧ್ವನಿ.

"ಯಾರು? ಕೈಯಲ್ಲಿ ಕತ್ತಿ ಇದೆ, ಬೇಗ ಹೇಳಿ."

"ಅಣ್ಣಾ, ಕಣ್ಣಾಸ್ಪತ್ರೆಯಿಂದ. ಮೇಲ್ಮನೆ ತಾತನ ಹನಿ ಔಷಧಿ ನೀವು ತಗೊಂಡು ಹೋದ್ರಲ್ಲ?"

"ಹೂಂ, ನಿನ್ನೇನೇ ಅವರ ಸೊಸೆ ಕೈಗೆ ಕೊಟ್ಟೆ."

"ಅದು ಕೆಟ್ಟಿದೆ. ಹಾಕಿದ್ರೆ ಕಣ್ಣು ಹೋಗತ್ತೆ. ಈಗ್ಲೇ ಮೇಲೆ ಹೋಗಿ ತಡೀರಿ. ಫೋನ್ ಕೈಯಲ್ಲೇ ಇರ್ಲಿ."

ಆಮೇಲೆ ಕುರ್ಚಿಯೊಂದು ಕಿರ್ರೆಂದಿತು. "ಏಯ್, ಎಲ್ಲಿಗಯ್ಯಾ! ಅರ್ಧ ಗಡ್ಡ ಬಿಟ್ಟು!" ಎಂದು ಯಾರೋ ಕೂಗಿದರು. "ಇನ್ನರ್ಧ ಎಲ್ಲೂ ಓಡಿಹೋಗಲ್ಲ, ಕೂತಿರು!" ಎಂದ ಕ್ಷೌರಿಕ. ರಸ್ತೆಯ ಗದ್ದಲ ನುಗ್ಗಿ ಬಂತು, ಒಂದು ಹಾರನ್ನು, ನಾಯಿಯೊಂದರ ಬೊಗಳು, ಆಮೇಲೆ ಮೆಟ್ಟಿಲು. ಕಬ್ಬಿಣದ ಮೆಟ್ಟಿಲಿರಬೇಕು, ಹೆಜ್ಜೆ ಹೆಜ್ಜೆಗೂ ಡಂಯ್ ಎನ್ನುತ್ತಿತ್ತು. ಪಟ್ಟಿಯಮ್ಮ ಕಣ್ಣು ಮುಚ್ಚಿ ಒಂದೊಂದನ್ನೂ ಕೇಳಿದಳು. ಹತ್ತು, ಹನ್ನೊಂದು. ತಿರುವು. ಮತ್ತೆ ಹನ್ನೊಂದು. ಬಾಗಿಲು ಬಡಿತ.

"ಅಕ್ಕಾವ್ರೇ! ಬಾಗಿಲು ತೆಗೀರಿ!"

ಒಳಗೆಲ್ಲೋ ನೀರು ಸುರಿಯುತ್ತಿತ್ತು. ಅದು ನಿಂತಿತು. ದೂರದಿಂದ ಹೆಣ್ಣು ಧ್ವನಿ: "ಯಾರು? ಒಂದ್ನಿಮಿಷ ತಡ್ಕೊಳ್ಳಿ, ಮಾವಂಗೆ ಹನಿ ಹಾಕಿ ಬರ್ತೀನಿ."

"ಹಾಕ್ಬೇಡಿ!" ಕ್ಷೌರಿಕ ಬಾಗಿಲಿಗೆ ಗುದ್ದಿದ. "ಹಾಕ್ಬೇಡಿ ಅಂತ ಆಸ್ಪತ್ರೆಯವರು..."

"ಏನು? ಕೇಳಿಸ್ತಿಲ್ಲ. ಮಾವಾ, ತಲೆ ಮೇಲೆತ್ತಿ. ಹಾಗಲ್ಲ, ಇನ್ನೂ."

ಆಗ ದಾಖಲೆ ಕೋಣೆಯಲ್ಲಿ ಯಾರೂ ಎಂದೂ ಕೇಳದ್ದೊಂದು ಕೇಳಿತು. ಪಟ್ಟಿಯಮ್ಮ ಎದ್ದು ನಿಂತು ಎರಡೂ ಕೈಯಲ್ಲಿ ಫೋನು ಹಿಡಿದು ಕೂಗಿದಳು. ಗಂಟಲು ಹರಿಯುವ ಕೂಗು. "ಬಾಗಿಲು ಒಡೀರಿ ಅಣ್ಣಾ! ಒಡೀರಿ!" ಮ್ಯಾನೇಜರು ಒಂದು ಹೆಜ್ಜೆ ಹಿಂದೆ ಸರಿದರು.

ಆ ಕಡೆ ಮರ ಬಿರಿದ ಸದ್ದು. ಏನೋ ಬಿತ್ತು, ಪಾತ್ರೆಯೋ ಬಕೆಟ್ಟೋ, ಉರುಳಿ ಉರುಳಿ ನಿಂತಿತು.

ಗೋಡೆಯ ಗಡಿಯಾರದಲ್ಲಿ ಹನ್ನೊಂದೂ ಐವತ್ತೊಂದು. ಮೇಷ್ಟ್ರು ಮೇಜಿನ ಅಂಚು ಹಿಡಿದಿದ್ದರು. ಗಿಳಿ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಫೋನಿನಲ್ಲಿ ಯಾರದೋ ಏದುಸಿರು ಬಿಟ್ಟರೆ ಏನೂ ಇಲ್ಲ.

"ಅಣ್ಣಾ," ಎಂದಳು ಪಟ್ಟಿಯಮ್ಮ. ಧ್ವನಿ ಮತ್ತೆ ಮೊದಲಿನಷ್ಟಕ್ಕೆ ಇಳಿದಿತ್ತು. "ಅಣ್ಣಾ, ಹೇಳಿ."

"ಸೀಸೆ ನನ್ನ ಕೈಯಲ್ಲಿದೆ ತಾಯಿ."

"ಬಿತ್ತಾ? ಒಂದಾದ್ರೂ ಹನಿ ಬಿತ್ತಾ ಒಳಗೆ?"

ಉತ್ತರ ಕೊಟ್ಟವಳು ಸೊಸೆ. ಫೋನು ಕಿತ್ತುಕೊಂಡಿರಬೇಕು, ಮಾತಿನಲ್ಲಿ ಅರ್ಧ ಗಾಬರಿ, ಅರ್ಧ ಸಿಟ್ಟು. "ಎಲ್ಲಿ ಬೀಳತ್ತೆ? ಹನ್ನೆರಡಕ್ಕೆ ನನ್ನ ಪಾಳಿ, ಅದಕ್ಕೇ ಹನ್ನೊಂದೂವರೆಗೇ ಹಾಕಿ ಹೋಗೋಣ ಅಂತ ಸೀಸೆ ಹಿಡ್ಕೊಂಡು ಸಾಕಾಯ್ತು. ಮಾವ ಕಣ್ಣು ಬಿಟ್ಟೋರು ಮುಚ್ಚಲ್ಲ, ತಲೆ ಎತ್ತಲ್ಲ. ಬೆಳಿಗ್ಗೆ ಕಟ್ಟು ಬಿಚ್ಚಿದಾಗಿಂದ ಕಿಟಕೀಲಿ ರಸ್ತೆ ನೋಡ್ತಾ ಕೂತಿದಾರೆ. 'ಇನ್ನೊಂಚೂರು ನೋಡ್ತೀನಿ ತಡಿಯಮ್ಮಾ, ಔಷಧಿ ಎಲ್ಲಿಗೂ ಹೋಗಲ್ಲ' ಅಂತಾರೆ. ಎರಡು ಸಲ ತಲೆ ಹಿಡ್ದು ಎತ್ತಿದೆ, ಎರಡು ಸಲಾನೂ ತಪ್ಪಿಸ್ಕೊಂಡ್ರು. ಚಿಕ್ಕ ಮಕ್ಕಳಿಗಿಂತ ಕಡೆ! ಈಗ ಹೇಗೋ ಒಪ್ಪಿಸಿ, ತಲೆ ಎತ್ಸಿ, ರೆಪ್ಪೆ ಬಿಡಿಸಿ ಹಿಡ್ಕೊಂಡಿದ್ದೆ, ಅಷ್ಟ್ರಲ್ಲಿ ಇವರು ಬಾಗಿಲು ಮುರ್ಕೊಂಡು..."

ಮಾತು ಅಲ್ಲಿಗೇ ತುಂಡಾಯಿತು. ಏನಾಗುತ್ತಿತ್ತು ಎಂಬುದು ಅವಳಿಗೆ ಹೊಳೆದದ್ದು ಆಗ. ಫೋನಿನಲ್ಲಿ ಅಳು ಕೇಳಿತು. ಹಿಂದಿನಿಂದ, ಕಿವಿ ಮಂದವಾದವರ ಗಟ್ಟಿ ಧ್ವನಿಯಲ್ಲಿ ಮುದುಕ, "ಯಾಕಮ್ಮಾ ಅಳ್ತೀಯ? ನೀನು ಅಳೋದು ನಂಗೀಗ ಚೆನ್ನಾಗಿ ಕಾಣಿಸತ್ತೆ, ನೋಡ್ಕೋ!" ಎಂದ.

ಹನಿ ಮೇಷ್ಟ್ರು ಕೂತರು. ಬೆಳಿಗ್ಗೆಯಿಂದ ಖಾಲಿಯಿದ್ದ ಕುರ್ಚಿಯಲ್ಲಿ ಕೂತು ಮುಖ ಮುಚ್ಚಿಕೊಂಡರು. ಗಿಳಿ ಅವರ ಹೆಗಲ ಮೇಲೆ ಕೈಯಿಟ್ಟಳು.

ಆಮೇಲಿನದು ಬೇಗ ಬೇಗ ನಡೆಯಿತು. ಬೇರೆ ಬ್ಯಾಚಿನ ಹೊಸ ಸೀಸೆ ಹಿಡಿದು ಗಾಡಿ ಹೊರಟಿತು. ಏದುಸಿರು ಬಿಡುತ್ತ ಅಲ್ಲಿಗೆ ತಲುಪಿದ ಖಾತ್ರಿಯಪ್ಪ, ಕೆಟ್ಟ ಸೀಸೆಯನ್ನು ತನ್ನ ಕಣ್ಣಾರೆ ಕಂಡು, ಕೈಯಾರೆ ಮುಟ್ಟಿ, ಆ ಸಾಲಿನಲ್ಲಿ 'ವಾಪಸ್' ಎಂದು ಬರೆಸಿದ. ಮುರಿದ ಬಾಗಿಲನ್ನು ಆಸ್ಪತ್ರೆ ಕೂಡಿಸಿಕೊಡಬೇಕೆಂದು ಕ್ಷೌರಿಕ ಹೇಳಿದ. ಅದು ನ್ಯಾಯವೇ ಆಗಿತ್ತು.

ಒಂದು ಗಂಟೆಗೆ ಮ್ಯಾನೇಜರು ವರದಿ ಬರೆಸಲು ಬಂದರು. ಮೇಷ್ಟ್ರ ಎಣಿಕೆ ಸರಿಯಿತ್ತು ಎಂದು ಮೊದಲು ಬರೆಯಲು ಹೇಳಿದರು. ದೊಡ್ಡ ಮನಸ್ಸಿನ ಮಾತೇ. ಆಮೇಲೆ ಎಂದರು, "ಉಳಿದೊಂದು ಸೀಸೆಯ ವಿಷಯ ತಾಂತ್ರಿಕ ಕಾರಣದಿಂದ ಸ್ವಲ್ಪ ತಡವಾಯ್ತು ಅಂತ ಹಾಕಿ."

ಪಟ್ಟಿಯಮ್ಮ ಬೇರೆ ಬರೆದಳು. ಪಟ್ಟಿಯಲ್ಲಿ ಒಂದು ಹೆಸರು ಬಿಟ್ಟುಹೋಗಿತ್ತು. ಕೇಳಿದ ರೀತಿ ತಪ್ಪಿತ್ತು. ಕೇಳಿದವಳು ನಾನು.

"ಇದೆಲ್ಲ ಯಾಕಮ್ಮಾ? ಯಾರೂ ನಿಮ್ಮನ್ನ ಕೇಳಿಲ್ಲ."

"ಕೇಳ್ಬೇಕಿತ್ತು ಸಾರ್," ಎಂದಳು. "ನನ್ನನ್ನ ನಾನೂ ಕೇಳ್ಕೊಂಡಿರ್ಲಿಲ್ಲ."

ಅವರು ಹೋದ ಮೇಲೂ ಅವಳು ಏಳಲಿಲ್ಲ. ಮನಸ್ಸಿನಲ್ಲಿ ಒಂದು ಮುಳ್ಳು ಆಡುತ್ತಿತ್ತು. ಆಪರೇಷನ್ ಆದ ಒಂದು ತಿಂಗಳಿಗೆ ಮರುಪರೀಕ್ಷೆಗೆ ಬರಬೇಕು, ಬಾರದವರನ್ನು ಫೋನು ಮಾಡಿ ಕರೆಯಬೇಕು. ಆ ಪಟ್ಟಿಯನ್ನೂ ಪ್ರತಿ ಸೋಮವಾರ ತೆಗೆಯುವವಳು ಅವಳೇ. ಆರು ವರ್ಷದಿಂದ ತೆಗೆಯುತ್ತಿದ್ದಳು. ಹೇಗೆ ತೆಗೆಯುತ್ತಿದ್ದಳು? ಸ್ಥಿತಿ 'ಬಂದಿದ್ದಾರೆ' ಅಲ್ಲದವರನ್ನು ಕೊಡು, ಎಂದು.

ಬೆರಳು ಕೀಲಿಗಳ ಮೇಲೆ ನಿಂತಿತು. ಕೇಳದಿದ್ದರೆ ಗೊತ್ತಾಗುವುದಿಲ್ಲ, ಗೊತ್ತಾಗದಿದ್ದರೆ ಇಲ್ಲವೆಂದೇ ಲೆಕ್ಕ. ಅವಳ ತುಟಿ ಮತ್ತೊಮ್ಮೆ ಅಲುಗಿತು. ಮುಖ್ಯ, ಸೇತುವೆ, ಹಳೆ ಪೇಟೆ, ಒಂದೊಂದೇ ಬಾಗಿಲು ತಟ್ಟಿ, ಆ ಜಾಗ ಖಾಲಿ ಇರುವವರು ಎಷ್ಟು ಜನ ಎಂದು ಕೇಳಿದಳು.

ಮೂರು ಉತ್ತರವನ್ನೂ ಕೂಡಿಸಿದಳು. ಇನ್ನೂರ ಹದಿನೇಳು ಜನ, ಇಷ್ಟು ದಿನ ಯಾರೂ ಫೋನು ಮಾಡಿ ಕರೆಯದೆ ಉಳಿದವರು.

ಗಿಳಿ ಬಾಗಿಲಲ್ಲಿ ಇಣುಕಿ, "ಏಳಿ ಅಕ್ಕಾ, ಊಟಕ್ಕೆ ಹೋಗೋಣ. ಇವತ್ತಿಗೆ ಸಾಕಪ್ಪಾ ಫೋನು," ಎಂದಳು. ಪಟ್ಟಿಯಮ್ಮ ಪರದೆಯತ್ತ ಕೈ ತೋರಿಸಿ, ಅದೇನೆಂದು ನಾಲ್ಕೇ ಮಾತಿನಲ್ಲಿ ಹೇಳಿದಳು. ಗಿಳಿ ಓದಿದಳು. ಮೊದಲ ಹೆಸರಿನ ಮುಂದಿದ್ದ ತಾರೀಖು ಐದು ವರ್ಷ ಹಿಂದಿನದು.

ಗಿಳಿ ಒಳಗೆ ಬಂದು ಎದುರಿನ ಕುರ್ಚಿ ಎಳೆದುಕೊಂಡಳು. "ನಂಬರ್ ಹೇಳಿ," ಎಂದಳು.